ತತ್ತಿ ತೇಲಿದರೆ ಕೆಟ್ಟಿದೆ ಎಂದೇ ಅರ್ಥವೇ?

ಪ್ರಶ್ನೆ: ವಾರಕ್ಕೊಮ್ಮೆ 30 ತತ್ತಿಯ ಟ್ರೇ ತರುತ್ತೇವೆ. ಅಂಗಡಿಯವರು ಹೊರಗೇ ಇಟ್ಟಿರುತ್ತಾರೆ. ಮನೆಯಲ್ಲಿ ಫ್ರಿಜ್ ಬೇಕೇ ಬೇಕೇ? ಮೊನ್ನೆ ನೀರಿಗೆ ಹಾಕಿ ನೋಡಿದರೆ ಎರಡು ನೆಟ್ಟಗೆ ನಿಂತವು, ಒಂದು ತೇಲಿತು. ಮೂರನ್ನೂ ಚೆಲ್ಲಬೇಕೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಚೆಲ್ಲಬೇಡಿ. ನಿಂತ ಎರಡನ್ನು ಮೊದಲು ಬಳಸಿ, ತೇಲಿದ್ದನ್ನು ಬೇರೆ ಬಟ್ಟಲಿಗೆ ಒಡೆದು ನೋಡಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳಿಂದ ಒಳಗಿನ ನೀರಿನಂಶ ದಿನೇ ದಿನೇ ಆರುತ್ತದೆ, ದಪ್ಪ ತುದಿಯಲ್ಲಿರುವ ಗಾಳಿಗೂಡು ಹಿಗ್ಗುತ್ತದೆ. ಹೊಸ ತತ್ತಿ ತಳದಲ್ಲಿ ಅಡ್ಡ ಮಲಗುವುದು, ಹಳೆಯದು ನಿಲ್ಲುವುದು, ತೀರಾ ಹಳೆಯದು ತೇಲುವುದು ಇದರಿಂದಲೇ. ಅಂದರೆ ನೀರು ಹೇಳುವುದು ವಯಸ್ಸನ್ನು. ಕೊಳೆತಿದ್ದನ್ನು ಹೇಳುವುದು ಮೂಗು. ಬಿಳಿ ಲೋಳೆ ಹಸಿರಿಗೋ ಗುಲಾಬಿಗೋ ತಿರುಗಿದ್ದರೆ ವಾಸನೆ ಇಲ್ಲದಿದ್ದರೂ ಚೆಲ್ಲಿ. ಮಬ್ಬಾಗಿದ್ದರೆ ಹೆದರಬೇಡಿ, ಅದು ಹೊಸ ತತ್ತಿಯ ಲಕ್ಷಣ. ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿ ಮೂಗಿಗೂ ಸಿಗದು, ನೀರಿಗೂ ಸಿಗದು. ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವಾಗ ಹಳದಿ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ.

ಇನ್ನು ಫ್ರಿಜ್. ಚಳಿಗಾಲದಲ್ಲಿ, ವಾರದೊಳಗೆ ಮುಗಿಯುವಷ್ಟಿದ್ದರೆ, ಒಲೆಯಿಂದ ದೂರದ ತಂಪು ಮೂಲೆ ಸಾಕು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಆ ಮಾತು ನಡೆಯದು. 4 ಡಿಗ್ರಿಯಲ್ಲಿ ತತ್ತಿ 3ರಿಂದ 5 ವಾರ ಬರುತ್ತದೆ. ಬಾಗಿಲಿನ ಗೂಡು ಬೇಡ, ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಹೊಡೆಯುತ್ತದೆ (ಕಂಪನಿಯವರು ಆ ಕುಳಿಗಳನ್ನು ಯಾಕೆ ಅಲ್ಲೇ ಮಾಡುತ್ತಾರೋ!). ಒಳಗಿನ ತಟ್ಟೆಯಲ್ಲಿ ಚೂಪು ತುದಿ ಕೆಳಗಾಗಿ ಇಡಿ. ಒಮ್ಮೆ ಒಳಗಿಟ್ಟದ್ದನ್ನು ತೆಗೆದು ಗಂಟೆಗಟ್ಟಲೆ ಹೊರಗಿಡಬೇಡಿ: ಚಿಪ್ಪು ಬೆವರುತ್ತದೆ, ಆ ನೀರಿನ ಜೊತೆ ಸೂಕ್ಷ್ಮಜೀವಿಗಳು ಒಳಗಿಳಿಯುತ್ತವೆ. ತೊಳೆದಿಡುವುದೂ ತಪ್ಪು, ರಂಧ್ರ ಮುಚ್ಚುವ ತೆಳು ಪೊರೆ ಹೋಗುತ್ತದೆ. ಅಮೆರಿಕದಲ್ಲಿ ತೊಳೆದೇ ಮಾರುತ್ತಾರೆ, ಹಾಗಾಗಿ ಅಲ್ಲಿ ಫ್ರಿಜ್ ಕಡ್ಡಾಯ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಒಡೆಯುವ ಮುಂಚೆ ಮಾತ್ರ ತೊಳೆಯಿರಿ.

ಪ್ರಶ್ನೆ: ಜವಾರಿ ಕೋಳಿಯ ತತ್ತಿ ಒಡೆದಾಗ ಹಳದಿಯ ಮೇಲೆ ಕೆಂಪು ಎಳೆಗಳು ಕಂಡವು. ತಿನ್ನಬಹುದೇ?
– ಓದುಗರು, ಹಿರಿಯೂರು

ಉತ್ತರ: ಒಂದೇ ಚುಕ್ಕೆಯಾದರೆ ಅದು ಕೋಳಿಯ ಅಂಡಾಶಯದ ಸಣ್ಣ ರಕ್ತನಾಳ ಒಡೆದದ್ದು, ಚಮಚದ ತುದಿಯಲ್ಲಿ ತೆಗೆದು ಬಳಸಿ. ಬೇರಿನಂತೆ ಕವಲೊಡೆದಿದ್ದರೆ ಮರಿ ಕಟ್ಟಲು ಶುರುವಾಗಿದೆ, ಬಿಡಿ. ಹುಂಜದ ಜೊತೆಗಿರುವ ಕೋಳಿಯ ತತ್ತಿಗೆ ಬೇಸಿಗೆಯ ಸೆಕೆಯೇ ಕಾವಾಗಿಬಿಡುತ್ತದೆ. ಫಾರಂನ ಮೊಟ್ಟೆ ಕೋಳಿಗಳ ನಡುವೆ ಹುಂಜ ಇರುವುದಿಲ್ಲ, ಅಲ್ಲಿ ಈ ತಾಪತ್ರಯವಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗೂಡಿನಿಂದ ಎತ್ತಿಡಿ. ಅನುಮಾನ ಬಂದರೆ ಕತ್ತಲಲ್ಲಿ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಎಳೆಗಳಿದ್ದರೆ ಒಡೆಯದೆಯೇ ಕಾಣುತ್ತವೆ.