ಗೋಡೆ ಮೇಲೆ ನಾಟಕದ ಪೋಸ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1930ರ ದಶಕದ ಅಮೆರಿಕದ ನಾಟಕದ ಪೋಸ್ಟರ್‌ಗಳು, ಡಬ್ಲ್ಯೂಪಿಎ ಅಂತ ಬರೆದಿರುತ್ತಲ್ಲ, ಅವನ್ನ ನೋಡಿದಾಗಿಂದ ಒಂದಾದ್ರೂ ಹಾಲ್‌ನಲ್ಲಿ ಹಾಕ್ಬೇಕು ಅನ್ನಿಸ್ತಿದೆ. ಸರ್ಕಾರ ಯಾಕೆ ನಾಟಕ ಮಾಡಿಸ್ತು? ನಾನೇ ಪ್ರಿಂಟ್ ತೆಗೆಸ್ಕೊಂಡ್ರೆ ಕಾಪಿರೈಟ್ ತೊಂದ್ರೆ ಬರುತ್ತಾ?

ಉತ್ತರ: ತೊಂದ್ರೆ ಇಲ್ಲ, ಧೈರ್ಯವಾಗಿ ಪ್ರಿಂಟ್ ತೆಗೆಸಿ. ಡಬ್ಲ್ಯೂಪಿಎ ಅಂದ್ರೆ ಕೆಲಸ ಇಲ್ಲದವರಿಗೆ ಕೆಲಸ ಕೊಡೋಕೆ ಅಲ್ಲಿನ ಫೆಡರಲ್ (ಕೇಂದ್ರ) ಸರ್ಕಾರ ಮಾಡಿದ ಸಂಸ್ಥೆ, ಇವೆಲ್ಲ ಅದರ ಸಂಬಳದಲ್ಲಿದ್ದವರು ಮಾಡಿದ ಕೆಲಸ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹತ್ರ ಇರೋ 900ಕ್ಕೂ ಹೆಚ್ಚು ಡಬ್ಲ್ಯೂಪಿಎ ಪೋಸ್ಟರ್‌ಗಳನ್ನ ಸ್ಕ್ಯಾನ್ ಮಾಡಿ ದೊಡ್ಡ ಫೈಲ್‌ಗಳಾಗಿ ಫ್ರೀಯಾಗಿ ಇಟ್ಟಿದೆ. ನಾಟಕದವು ಮಾತ್ರ ಅಲ್ಲ, ಆರೋಗ್ಯ, ಪ್ರವಾಸ, ಕಲಾ ಪ್ರದರ್ಶನ ಎಲ್ಲದರದ್ದೂ ಇವೆ, ಅದ್ರಲ್ಲಿ ಫೆಡರಲ್ ಥಿಯೇಟರ್ ಅಂತ ಇರೋವನ್ನ ಹುಡುಕಿ.

ಸರ್ಕಾರ ಯಾಕೆ ಮಾಡಿಸ್ತು ಅಂದ್ರೆ, ಆರ್ಥಿಕ ಕುಸಿತದಲ್ಲಿ ಕಾರ್ಖಾನೆಯವರಷ್ಟೇ ಅಲ್ಲ ನಟರು, ಲೈಟ್‌ನವರು, ಸೀನರಿ ಬರೆಯೋರು, ಬಟ್ಟೆ ಹೊಲಿಯೋರು ಎಲ್ಲರೂ ಕೆಲಸ ಕಳ್ಕೊಂಡಿದ್ರು, ಟಾಕಿ ಸಿನಿಮಾ ಬಂದು ನಾಟಕದವರ ಹೊಟ್ಟೆ ಮೇಲೆ ಆಗ್ಲೇ ಹೊಡೆದಿತ್ತು. 1935ರಲ್ಲಿ ಡಬ್ಲ್ಯೂಪಿಎ ಕೆಳಗೆ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಶುರುವಾಯ್ತು, ಹ್ಯಾಲಿ ಫ್ಲಾನಗನ್ ಅನ್ನೋ ಮಹಿಳೆ ಅದರ ಮುಖ್ಯಸ್ಥೆ. ನ್ಯೂಯಾರ್ಕ್‌ನ ನಟರಿಗೆ ವಾರಕ್ಕೆ 23 ಡಾಲರ್ 86 ಸೆಂಟ್ ಸಂಬಳ. ಟಿಕೆಟ್ ತುಂಬಾ ಕಡಿಮೆ, ಎಷ್ಟೋ ಆಟಗಳು ಪೂರ್ತಿ ಫ್ರೀ, ಹಾಗಾಗಿ ಅದುವರೆಗೂ ನಾಟಕವನ್ನೇ ನೋಡದವರು ಬಂದು ಕೂತ್ರು. 1936ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನ ಲಫಾಯೆಟ್ ಥಿಯೇಟರ್‌ನಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡಿದ್ರು, ನಟರೆಲ್ಲ ಕಪ್ಪು ಕಲಾವಿದರು, ಕಥೆ ಸ್ಕಾಟ್ಲೆಂಡ್ ಬಿಟ್ಟು ಕೆರಿಬಿಯನ್ ದ್ವೀಪಕ್ಕೆ ಬಂದಿತ್ತು, ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಆಗ ಬರೀ 20 ವರ್ಷ! ಅದೇ ವರ್ಷ ಅಕ್ಟೋಬರ್ 27ಕ್ಕೆ ಸಿಂಕ್ಲೇರ್ ಲೂಯಿಸ್ ಅವರ 'ಇಟ್ ಕಾಂಟ್ ಹ್ಯಾಪನ್ ಹಿಯರ್' ನಾಟಕ ಒಂದೇ ರಾತ್ರಿ ದೇಶದ ಉದ್ದಗಲಕ್ಕೂ ಎಷ್ಟೋ ಊರುಗಳಲ್ಲಿ ಶುರುವಾಯ್ತು, ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಒಂದು ಕಡೆ, ಸ್ಪ್ಯಾನಿಷ್‌ನಲ್ಲಿ ಇನ್ನೊಂದು ಕಡೆ. ಒಂದು ಸರ್ಕಾರ ತನ್ನ ದುಡ್ಡಲ್ಲಿ, ಸರ್ವಾಧಿಕಾರ ನಮ್ಮಲ್ಲೂ ಬರಬಹುದು ಜೋಕೆ ಅಂತ ಹೇಳೋ ನಾಟಕ ಆಡ್ಸಿದೆ, ಅದು ಎಷ್ಟು ದೊಡ್ಡ ವಿಷಯ ಯೋಚ್ನೆ ಮಾಡಿ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಪ್ರಿಂಟ್ ಹಾಕಿಸುವಾಗ ಚಿತ್ರ ಮಾತ್ರ ಉಳಿಸ್ಕೊಂಡು ಅಕ್ಷರದ ಪಟ್ಟಿ ಕ್ರಾಪ್ ಮಾಡ್ಬೇಡಿ. ಯಾವ ಥಿಯೇಟರ್, ಯಾವತ್ತಿಂದ, ಟಿಕೆಟ್ ಎಷ್ಟು, ಯಾವ ಯೂನಿಟ್ ಆಡ್ತಿದೆ ಅನ್ನೋದು ಅಲ್ಲೇ ಇರೋದು. ಕೆಲಸ ಇಲ್ಲದೆ ಕೂತಿದ್ದ ಒಬ್ಬ ಕಲಾವಿದ ಅಷ್ಟೇ ಕಷ್ಟದಲ್ಲಿದ್ದ ಜನರನ್ನ ಬನ್ನಿ ಅಂತ ಕರೆದದ್ದು ಆ ಸಾಲುಗಳಲ್ಲಿ. ಅದನ್ನ ತೆಗೆದ್ರೆ ಉಳಿಯೋದು ಚೆಂದದ ಬಣ್ಣ ಅಷ್ಟೇ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ರು 'ಒರಿಜಿನಲ್ ಫೆಡರಲ್ ಥಿಯೇಟರ್ ಪೋಸ್ಟರ್' ಅಂತ ಮಾರ್ತಿದ್ದಾರೆ, ರೇಟ್ ಜಾಸ್ತಿನೇ ಇದೆ. ನಿಜವಾದದ್ದು ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಮೊದಲು ಅನುಮಾನದಿಂದಲೇ ನೋಡಿ, ಯಾಕಂದ್ರೆ ಡಬ್ಲ್ಯೂಪಿಎ ಕಲಾವಿದರು ಸುಮಾರು 35,000 ಡಿಸೈನ್ ಮಾಡಿದ್ರು ಅಂತ ಅಂದಾಜು, ಇವತ್ತು ಉಳಿದಿರೋದು ಸುಮಾರು 2,000 ಅಷ್ಟೇ, ಅದ್ರಲ್ಲೂ ಬಹಳಷ್ಟು ಲೈಬ್ರರಿ ಮ್ಯೂಸಿಯಂಗಳಲ್ಲಿವೆ. ಆಟ ಮುಗಿದ್ರೆ ಕಿತ್ತು ಬಿಸಾಕೋ ವಸ್ತು ಅದು.

ಒಂದು ಭೂತಗನ್ನಡಿ ತಗೊಂಡು ಬಣ್ಣ ನೋಡಿ. ಮೊದಮೊದಲು ಕೈಯಲ್ಲೇ ಬರೀತಿದ್ರು, ಆಮೇಲೆ ನ್ಯೂಯಾರ್ಕ್‌ನಲ್ಲಿ ಆಂಟನಿ ವೆಲೋನಿಸ್ ಅನ್ನೋ ಕಲಾವಿದ ಸಿಲ್ಕ್ ಸ್ಕ್ರೀನ್ ತಂದ್ರು, ಅಂದ್ರೆ ರೇಷ್ಮೆ ಬಟ್ಟೆ ಬಿಗಿದ ಫ್ರೇಮ್ ಮೂಲಕ ಒಂದೊಂದೇ ಬಣ್ಣ ಒತ್ತೋದು. ಹೀಗೆ ಒತ್ತಿದ ಬಣ್ಣ ಒಂದೇ ಸಮ ಗಟ್ಟಿಯಾಗಿ, ಪೇಪರ್ ಮೇಲೆ ಕೂತ ಹಾಗೆ ಕಾಣುತ್ತೆ, ಒಂದು ಬಣ್ಣ ಇನ್ನೊಂದರ ಮೇಲೆ ಸ್ವಲ್ಪ ಹತ್ತಿರೋದೂ ಕಾಣಬಹುದು. ಅದರ ಬದಲು ಸಣ್ಣ ಸಣ್ಣ ಚುಕ್ಕೆಗಳು ಸೇರಿ ಬಣ್ಣ ಆಗಿದ್ರೆ ಅದು ಆಮೇಲೆ ಮಾಡಿದ ಪ್ರಿಂಟ್ ಅಂತ ಹೆಚ್ಚುಕಮ್ಮಿ ಖಚಿತ. ಇನ್ನೊಂದು ಸುಳಿವು ಇದೆ. 1939ರ ಜುಲೈನಿಂದ ಡಬ್ಲ್ಯೂಪಿಎಯ ಪೂರ್ತಿ ಹೆಸರು ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಹೋಗಿ ವರ್ಕ್ ಪ್ರಾಜೆಕ್ಟ್ಸ್ ಅಡ್ಮಿನಿಸ್ಟ್ರೇಷನ್ ಆಯ್ತು, ಆದ್ರೆ ಫೆಡರಲ್ ಥಿಯೇಟರ್ ಹಿಂದಿನ ದಿನ, ಜೂನ್ 30ಕ್ಕೇ ಮುಚ್ಚಿತ್ತು, ಆದ್ದರಿಂದ ನಾಟಕದ ಪೋಸ್ಟರ್‌ನಲ್ಲಿ ಎರಡನೇ ಹೆಸರು ಕಂಡ್ರೆ ಕೈ ಹಿಂದೆ ತಗೊಳ್ಳಿ. ಯಾರ ಹತ್ರ ಇತ್ತು, ಎಲ್ಲಿಂದ ಬಂತು ಅಂತ ಕಾಗದದ ದಾಖಲೆ ಕೇಳಿ, ಹಾರಿಕೆ ಉತ್ತರ ಬಂದ್ರೆ ಬಿಟ್ಬಿಡಿ. ನನ್ನ ಅಭಿಪ್ರಾಯ ಕೇಳಿದ್ರೆ ಗೋಡೆಗೆ ಒಳ್ಳೆ ಪ್ರಿಂಟೇ ಸರಿ, ಒರಿಜಿನಲ್ ಕತ್ತಲೆಯ ಡ್ರಾಯರ್‌ನಲ್ಲಿ ಇದ್ದಷ್ಟೂ ಅದರ ಆಯಸ್ಸು ಹೆಚ್ಚು.

ಪ್ರಶ್ನೆ: ಮಗುವಿನ ರೂಮಿಗೆ ಯಾವುದು ಹಾಕ್ಲಿ?

ಉತ್ತರ: ಪಿನೋಕಿಯೋ, ಮರದ ಗೊಂಬೆ ಹುಡುಗನ ಕಥೆ. ಮಕ್ಕಳ ನಾಟಕಗಳಲ್ಲಿ ತುಂಬಾ ಜನಪ್ರಿಯವಾದದ್ದು, ಯಾಶಾ ಫ್ರಾಂಕ್ ಮಾಡಿಸಿದ್ದು. ಆದ್ರೆ ಅದರ ಕೊನೆ ಆಟದ ಕಥೆ ಮಗು ದೊಡ್ಡದಾದ್ಮೇಲೆ ಹೇಳಿ. 1938ರಲ್ಲಿ ಕಾಂಗ್ರೆಸ್ಸಿನ, ಅಂದ್ರೆ ಅಮೆರಿಕದ ಸಂಸತ್ತಿನ, ಒಂದು ಸಮಿತಿ ಈ ನಾಟಕಗಳಲ್ಲಿ ಕಮ್ಯುನಿಸ್ಟ್ ಪ್ರಚಾರ ಇದೆ ಅಂತ ವಿಚಾರಣೆ ಮಾಡ್ತು, ಫ್ಲಾನಗನ್ ಅವರನ್ನ ಕೂರಿಸ್ಕೊಂಡು ಒಬ್ಬ ಸದಸ್ಯರು ಶೇಕ್ಸ್‌ಪಿಯರ್ ಕಾಲದ ನಾಟಕಕಾರ ಮಾರ್ಲೋ ಕಮ್ಯುನಿಸ್ಟಾ ಅಂತ ಕೇಳಿದ್ರು, ಮುಂದಿನ ವರ್ಷ ದುಡ್ಡೇ ನಿಲ್ಸಿದ್ರು. ಆ ಕೊನೆ ರಾತ್ರಿ ನ್ಯೂಯಾರ್ಕ್‌ನಲ್ಲಿ ಪಿನೋಕಿಯೋ ತಂಡದವರು ಕಥೆಯ ಅಂತ್ಯವನ್ನೇ ಬದಲಾಯಿಸಿ ಗೊಂಬೆಯನ್ನ ಸಾಯಿಸಿ ಶವಪೆಟ್ಟಿಗೆಯಲ್ಲಿ ಮಲಗಿಸಿದ್ರು, ಕಾಂಗ್ರೆಸ್ಸಿನ ಕಾಯ್ದೆಯಿಂದ ಸತ್ತಿದ್ದು ಅಂತ ಘೋಷಿಸಿದ್ರು. ಇದನ್ನ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಮಗುವಿನ ರೂಮಲ್ಲಿ ಬೇಡ ಅನ್ನೋದು 'ಇಟ್ ಕಾಂಟ್ ಹ್ಯಾಪನ್ ಹಿಯರ್'ದು. ಡೆಟ್ರಾಯ್ಟ್‌ನ ಪೋಸ್ಟರ್‌ನಲ್ಲಿ ಅಮೆರಿಕದ ಮ್ಯಾಪ್ ಹಿಂದೆ ಬಂದೂಕು ಹಿಡಿದು ಹಿಟ್ಲರ್ ನಿಂತಿದ್ದಾನೆ, ಅದ್ಭುತವಾದ ಡಿಸೈನ್, ಆದ್ರೆ ಓದೋ ರೂಮಿಗೆ ಸರಿ.

ಪ್ರಶ್ನೆ: ಯಾವ ಸೈಜ್, ಯಾವ ಪೇಪರ್, ಗ್ಲಾಸ್ ಬೇಕಾ?

ಉತ್ತರ: ಅಂಗಡಿ ಕಿಟಕಿಯಲ್ಲಿ ಇಡ್ತಿದ್ದ ಹಳೆಯ ಪೋಸ್ಟರ್, ಅಂದ್ರೆ ವಿಂಡೋ ಕಾರ್ಡ್ ಅಳತೆ 14 ಇಂಚು ಅಗಲ 22 ಇಂಚು ಎತ್ತರ, ಆ ಸೈಜ್‌ನವು ಬೇಕಾದಷ್ಟಿವೆ, ಅದನ್ನೇ ಇಟ್ಕೊಂಡ್ರೆ ಕಣ್ಣಿಗೆ ಸರಿ ಕೂರುತ್ತೆ. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ 4,200 ಗುಣಿಸು 6,600 ಪಿಕ್ಸೆಲ್ ಇರೋ ಫೈಲ್ ಸಾಕು, ಜೆಪೆಗ್ ಬಿಟ್ಟು ಟಿಫ್ ಇಳಿಸ್ಕೊಳ್ಳಿ. ಪೇಪರ್ ಮ್ಯಾಟ್ ಇರ್ಲಿ, ಗ್ಲಾಸಿ ಬೇಡವೇ ಬೇಡ, ಸಿಲ್ಕ್ ಸ್ಕ್ರೀನ್ ಬಣ್ಣಕ್ಕೆ ಆ ಥಳಕು ಒಗ್ಗಲ್ಲ. ಸ್ಕ್ಯಾನ್‌ನಲ್ಲಿ ಪೇಪರ್ ಹಳದಿಯಾಗಿರೋದು, ಮೂಲೆ ಹರಿದಿರೋದು ಕಂಡ್ರೆ ತೀರಾ ಬಿಳಿ ಮಾಡಿಸ್ಬೇಡಿ, ಬಣ್ಣಗಳ ಹೊಂದಾಣಿಕೆನೇ ಕೆಟ್ಟು ಹೋಗುತ್ತೆ. ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಯುವಿ ತಡೆಯೋ ಗ್ಲಾಸ್ ಅಥವಾ ಅಕ್ರಿಲಿಕ್, ತೆಳ್ಳಗಿನ ಕಪ್ಪು ಫ್ರೇಮ್. ಗ್ಲಾಸ್ ಪ್ರಿಂಟ್‌ಗೆ ತಾಗದ ಹಾಗೆ ಮೌಂಟ್ ಗ್ಯಾಪ್ ಕೊಡಲಿ, ಕಿಟಕಿಗೆ ಎದುರು ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿ, ಪ್ರತಿಫಲನನೂ ಕಮ್ಮಿ, ಕೆಂಪು ಬಣ್ಣ ಬೇಗ ಮಾಸೋದೂ ಕಮ್ಮಿ.