ನೂರು ಡಿಗ್ರಿ ತೆತ್ತು ಮೂರು ಮೀಟರ್ ಕೊಂಡಿರಾ?

ನಮಸ್ಕಾರ.

ನಾಝಲ್‌ನಲ್ಲಿ (ಗಾಳಿಯ ವೇಗ ಏರಿಸುವ ಕೊಳವೆಯಲ್ಲಿ) ಗಾಳಿ ಹರಿಯುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ಬಿಸಾಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಉದಾಹರಣೆಯಲ್ಲಿ ಗಾಳಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬಂದು 200 ಡಿಗ್ರಿಯಲ್ಲಿ ಹೊರಬೀಳುತ್ತದೆ. ಹೊರಬೀಳುವ ವೇಗ 33 ಮೀಟರ್ ಎಂದು ಬರೆದು ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿದ್ದೀರಿ. ಸಂತೆಯಲ್ಲಿ ಇಂಥ ವ್ಯಾಪಾರ ಮಾಡಿ ಬಂದಿದ್ದರೆ ಮನೆಯವರು ಸುಮ್ಮನಿರುತ್ತಿದ್ದರೇ? ಸೂತ್ರ ಸರಿಯಾಗಿದೆ: ಎಂಥಾಲ್ಪಿ (ಹರಿಯುವ ಗಾಳಿ ಹೊತ್ತು ತರುವ, ಬಿಸಿಯೊಂದಿಗೆ ಏರಿಳಿಯುವ ಶಕ್ತಿ) ಎಷ್ಟು ಇಳಿಯಿತೋ ಚಲನಶಕ್ತಿ ಅಷ್ಟು ಏರಬೇಕು. ಎಡವಿದ್ದು ಏಕಮಾನದಲ್ಲಿ. ಗಾಳಿಯ ವಿಶಿಷ್ಟ ಉಷ್ಣ (ಒಂದು ಕಿಲೋ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಬೇಕಾದ ಶಾಖ) 1.005 ಎಂದು ಹಾಕಿದ್ದೀರಿ. ಅದು ಕಿಲೋಜೂಲ್ ಲೆಕ್ಕ. ಚಲನಶಕ್ತಿ, ಅಂದರೆ ಕಿಲೋಗ್ರಾಂಗೆ ವೇಗದ ವರ್ಗದ ಅರ್ಧ, ಬರುವುದು ಜೂಲ್‌ನಲ್ಲಿ. 1005 ಇಟ್ಟು ಮಾಡಿ ನೋಡಿ, ಕಿಲೋಗ್ರಾಂಗೆ 1,00,500 ಜೂಲ್ ಇಳಿಕೆ, ವೇಗ ಸುಮಾರು 449 ಮೀಟರ್. (ಪರೀಕ್ಷೆಯಲ್ಲಿ ನಾನೂ ಇಲ್ಲೇ ಅಂಕ ಕಳೆದುಕೊಂಡವನು.)

449 ಬಂದೊಡನೆ ನಿಮ್ಮ ಚಿತ್ರವೂ ಕೈಕೊಡುತ್ತದೆ. 200 ಡಿಗ್ರಿಯ ಗಾಳಿಯಲ್ಲಿ ಶಬ್ದದ ವೇಗ ಸುಮಾರು 436 ಮೀಟರ್. ನೀವು ಬರೆದಂತೆ ಬಾಯಿಯ ತನಕ ಕಿರಿದಾಗುತ್ತಲೇ ಹೋಗುವ ನಾಝಲ್‌ನೊಳಗೆ ಗಾಳಿ ಆ ಗಡಿ ದಾಟಲಾರದು, ಹಿಂದಿನಿಂದ ಎಷ್ಟೇ ಒತ್ತಡ ಕೊಟ್ಟರೂ. ಕಿರಿದಾದ ಕತ್ತಿನಾಚೆ ಮತ್ತೆ ಅಗಲವಾಗಬೇಕು. ಶಬ್ದದ ವೇಗ ದಾಟಿದ ಮೇಲೆ, ವೇಗ ಏರುವುದಕ್ಕಿಂತ ಜೋರಾಗಿ ಸಾಂದ್ರತೆ ಇಳಿಯುತ್ತದೆ. ಹಿಗ್ಗಿದ ಗಾಳಿಗೆ ಜಾಗ ಬೇಕಲ್ಲ. 1880ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ ತಮ್ಮ ಉಗಿ ಟರ್ಬೈನಿಗೆ ಮಾಡಿಕೊಂಡದ್ದು ಇಂಥದ್ದೇ ನಾಝಲ್. ಅದಕ್ಕೂ ಮೊದಲು ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮಾಡಿದ ಮನುಷ್ಯ! ಅವರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ತೋಟದ ಪೈಪಿನ ಬಾಯಿಗೆ ಬೆರಳು ಒತ್ತುವ ಹೋಲಿಕೆ ತೆಗೆಯಿರಿ. ನೀರು ಹೀಗೆ ಹಿಗ್ಗುವುದಿಲ್ಲ.

ಎರಡನೇ ಪುಟದಲ್ಲಿ ‘ಉಷ್ಣ ವಿನಿಮಯ ಶೂನ್ಯ’ ಎನ್ನುತ್ತೀರಿ, ನಾಲ್ಕನೆಯದರಲ್ಲಿ ‘ಗೋಡೆಯ ಮೂಲಕ ಶಾಖ ಸೋರಿ ಗಾಳಿ ತಣ್ಣಗಾಗುತ್ತದೆ’ ಎನ್ನುತ್ತೀರಿ. ಮೊದಲನೆಯದನ್ನೇ ಉಳಿಸಿಕೊಳ್ಳಿ. ಗಾಳಿ ತನ್ನ ಬಿಸಿಯನ್ನು ಯಾರಿಗೂ ಕೊಡಲಿಲ್ಲ, ತನ್ನ ಓಟಕ್ಕೇ ಖರ್ಚು ಮಾಡಿತು.

ಭಾಷೆ: ‘ಸದರಿ ವ್ಯವಸ್ಥೆಗೆ ಶಕ್ತಿ ಸಮತೋಲನವನ್ನು ಅನ್ವಯಿಸಲಾಗಿ’ ಎಂಬುದನ್ನು ಓದಿ ಕ್ರಯಪತ್ರ ಕೈಗೆ ಬಂತೇನೋ ಅಂದುಕೊಂಡೆ. ಐದನೇ ಪುಟದಲ್ಲಿ ಪಂಕ್ಚರ್ ಅಂಗಡಿಯ ಹುಡುಗ ವಾಲ್ವ್ ಬಿಚ್ಚುತ್ತಾನೆ, ಗಾಳಿ ಸುಯ್ಯೆನ್ನುತ್ತದೆ. ಆ ನಾಲ್ಕು ಸಾಲು ಮುಟ್ಟಬೇಡಿ, ಎತ್ತಿ ಮೊದಲಿಗೆ ಇಡಿ. ಲೆಕ್ಕ ತಿದ್ದಿ, ಚಿತ್ರ ಹೊಸದಾಗಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.

— ಸಂಪಾದಕ