ಪಕ್ಕದ ಮನೆಯವರ ಕಣ್ಣು

ಓದುಗ ಮಿತ್ರರೇ,

ಐರ್ಲೆಂಡಿನ ಜನರ ಮೇಲೆ ಕ್ಯಾಥೊಲಿಕ್ ಚರ್ಚಿಗಿದ್ದ ಹಿಡಿತದ ಬಗೆಗಿನ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪಾದ್ರಿಗಳು ಹೇಳಿದ್ದಕ್ಕೆಲ್ಲ ಅಲ್ಲಿನ ಜನ ಅಷ್ಟು ವರ್ಷ ತಲೆಯಾಡಿಸಿದ್ದು ಯಾಕೆ? ಈಗ ಎಲ್ಲಾ ಬದಲಾಗಿದೆಯಾ?

ತಲೆಯಾಡಿಸದೆ ಹೋಗುವುದಾದರೂ ಎಲ್ಲಿಗೆ ಹೇಳಿ. ಶಾಲೆ ಚರ್ಚಿನದು. ಎಷ್ಟೋ ಆಸ್ಪತ್ರೆಗಳು ಸನ್ಯಾಸಿನಿಯರ ಕೈಯಲ್ಲಿ. ರಾತ್ರಿಯಾದರೆ ಮನೆಮಂದಿಯೆಲ್ಲ ಮಂಡಿಯೂರಿ ಜಪಮಾಲೆ. ಏಳು ವರ್ಷಕ್ಕೆ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿ ಮೊದಲ ಸಲ ಸ್ವೀಕರಿಸುವುದು; ಅದಕ್ಕೂ ಮುಂಚೆ ಪಾಪನಿವೇದನೆ. ಏಳು ವರ್ಷದ ಕೂಸು ಏನು ಪಾಪ ಮಾಡಿರುತ್ತೆ? ಕತ್ತಲೆ ಗೂಡಿನೊಳಗೆ ಕೂತು, ಜಾಲರಿಯಾಚೆಯ ಕಿವಿಗೆ 'ಅಮ್ಮನ ಮಾತು ಕೇಳಲಿಲ್ಲ, ಎರಡು ಸಲ ಸುಳ್ಳು ಹೇಳಿದೆ' ಅಂತ ಒಪ್ಪಿಸಬೇಕು. ಏನೂ ನೆನಪಾಗದ ಮಕ್ಕಳು ಪಾಪವನ್ನೇ ಕಟ್ಟಿ ಹೇಳುತ್ತಿದ್ದರು. ಪಾಪನಿವೇದನೆಯಲ್ಲೇ ಸುಳ್ಳು!

ಆದರೆ ಪಾದ್ರಿಗಿಂತ ಜಾಸ್ತಿ ಹೆದರಿಕೆ ಇದ್ದದ್ದು ಪಕ್ಕದ ಮನೆಯವರದ್ದು ಅಂತಲೇ ನನ್ನ ಲೆಕ್ಕ. ಯಾರು ಎಷ್ಟು ಕಾಣಿಕೆ ಕೊಟ್ಟರು ಅಂತ ಹೆಸರು ಹಿಡಿದು ಓದುವ ಚರ್ಚುಗಳಿದ್ದವು. ಭಾನುವಾರದ ಪೂಜೆಗೆ ತಪ್ಪಿಸಿಕೊಂಡವರು ಯಾರೆಂದು ಊರಿಗೇ ಗೊತ್ತು. ಮದುವೆಗೆ ಮುಂಚೆ ಬಸುರಾದ ಹುಡುಗಿಯನ್ನು ಇಂಥವರಿಗೆಂದೇ ಇದ್ದ ಆಶ್ರಮಕ್ಕೆ ಬಿಟ್ಟು ಬಂದವರಲ್ಲಿ ಹೆತ್ತವರೇ ಇದ್ದರು. ಮರ್ಯಾದೆ ಪ್ರಶ್ನೆ, ಅಲ್ವಾ? ಹೆಂಗಸರನ್ನು ಕೂಡಿಹಾಕಿ ಕೂಲಿಯಿಲ್ಲದೆ ಬಟ್ಟೆ ಒಗೆಸಿದ, ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಅಜ್ಜಿ ಕಾಲದ ಕಥೆ ಅನ್ನುವ ಹಾಗಿಲ್ಲ.

ಕಾನೂನೂ ಅದೇ ದಾರಿಯಲ್ಲಿತ್ತು. 1985ರವರೆಗೆ ಕಾಂಡೋಮ್ ಬೇಕೆಂದರೆ ಡಾಕ್ಟರ ಚೀಟಿ ತರಬೇಕಿತ್ತು.

ಹೆದರಿಕೆ ಕರಗತೊಡಗಿದ್ದು ಉಪದೇಶ ಮಾಡುವವರ ಗುಟ್ಟು ಹೊರಬಿದ್ದ ಮೇಲೆ. ಪೋಪ್ 1979ರಲ್ಲಿ ಐರ್ಲೆಂಡಿನ ಗಾಲ್ವೇ ನಗರಕ್ಕೆ ಬಂದಾಗ ವೇದಿಕೆಯಿಂದ ಯುವಜನರನ್ನು ಹುರಿದುಂಬಿಸಿದವರಲ್ಲಿ ಬಿಷಪ್ ಈಮನ್ ಕೇಸಿ ಒಬ್ಬರು. ಬ್ರಹ್ಮಚಾರಿಯಾಗಿರಬೇಕಿದ್ದ ಅವರಿಗೊಬ್ಬ ಮಗನಿದ್ದಾನೆ ಎಂಬುದು 1992ರಲ್ಲಿ ಬಯಲಾಯಿತು. ಆಮೇಲೆ ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಒಂದೊಂದಾಗಿ ಹೊರಬಂದವು. ಅದರ ಮುಂದೆ ಬಿಷಪ್ಪರ ಮಗನ ವಿಷಯ ಏನೂ ಅಲ್ಲ.

2012ರಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಿದ್ದೂ, ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ಮಾಡಲಿಲ್ಲ. ಗರ್ಭಪಾತದ ಆ ನಿಷೇಧವನ್ನು ಅಲ್ಲಿನ ಸಂವಿಧಾನಕ್ಕೆ ಸೇರಿಸಲು 1983ರಲ್ಲಿ ಶೇ. 67ರಷ್ಟು ಮತ ಬಿದ್ದಿತ್ತು. ಅದನ್ನು ಕಿತ್ತುಹಾಕಲು 2018ರಲ್ಲಿ ಶೇ. 66. ಮೊದಲ ಮತದಾನದ ಹೊತ್ತಿಗೆ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದವರು ಎರಡನೆಯದರಲ್ಲಿ ಸಾಲಿನಲ್ಲಿ ನಿಂತಿದ್ದರು.

ಹಾಗಂತ ಎಲ್ಲಾ ಬದಲಾಗಿದೆ ಅಂದುಕೊಳ್ಳಬೇಡಿ. ಅಲ್ಲಿನ ಹೆಚ್ಚಿನ ಪ್ರಾಥಮಿಕ ಶಾಲೆಗಳು ಇವತ್ತಿಗೂ ಚರ್ಚಿನ ಕೈಕೆಳಗೇ ಇವೆ. ಪೂಜೆಗೆ ಹೋಗುವುದನ್ನು ಬಿಟ್ಟ ಎಷ್ಟೋ ಅಪ್ಪ-ಅಮ್ಮಂದಿರು ಮಗಳ ಮೊದಲ ಪರಮಪ್ರಸಾದಕ್ಕೆ ಮಾತ್ರ ಬಿಳಿ ಫ್ರಾಕು ಕೊಳ್ಳುತ್ತಾರೆ.

– ಸಂ.